ನಡುವಿನ ಧಾರೆ

ಪಾಯಿಂಟ್ ಕುಕ್‌ನ ನಮ್ಮ ಬೀದಿಗೆ ದ್ರಾಕ್ಷಿ ಕೊಯ್ಲಿನ ಮಾರ್ಚ್ ಬಂತೆಂದು ತಿಳಿಯುವುದು ಯಾದವ ಅಂಕಲ್‌ರ ಅಂಗಿಯ ಹುಳಿ ವಾಸನೆಯಿಂದ. ಉಡುಪಿಯ ಈ ಮನುಷ್ಯನಿಗೆ ಒಬ್ಬ ಇಟಾಲಿಯನ್ನನ ಭಟ್ಟಿಯಲ್ಲಿ ಕೆಲಸ. ವೈನಿಗೆ ಹಿಂಡಿ ಉಳಿದ ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಗ್ರಾಪ್ಪಾ ಎಂಬ ಕಡು ಮದ್ಯ ಇಳಿಸುತ್ತಾರೆ. ತಾಮ್ರದ ಹಂಡೆಯ ಮುಂದೆ, ಹಾಲು ಉಕ್ಕೀತೆಂದು ಕಾಯುವವರ ಹಾಗೆ ಕಣ್ಣು ಕೀಳದೆ ಕೂರುತ್ತಾರಂತೆ. "ಮೊದಲು ಬಂದದ್ದು ವಿಷ, ಚೆಲ್ಲಬೇಕು. ಕೊನೆಯದ್ದು ಬರೀ ನಾತ. ನಡುವಿನದ್ದು ಮಾತ್ರ ಪೀಪಾಯಿಗೆ, ಮತ್ತೆ ಮೂರು ವರ್ಷ ಮುಟ್ಲಿಕ್ಕಿಲ್ಲ." ಈ ಪಾಠ ಫ್ರೀವೇ ಟ್ರಾಫಿಕ್‌ನಲ್ಲೂ ನಡೆಯುತ್ತದೆ, ಸತ್ಯನಾರಾಯಣ ಪೂಜೆಯಲ್ಲೂ ನಡೆಯುತ್ತದೆ. ಅಂಗೈಯಲ್ಲಿ ಒಂದು ಹನಿ ಉಜ್ಜಿ ಮೂಸಿ, "ನಮ್ಮ ಅಪ್ಪ ಕುಡಿಯುತ್ತಿದ್ದ ಗೇರುಹಣ್ಣಿನ ಸಾರಾಯಿಯದ್ದೇ ಪರಿಮಳ ಮಾರಾಯ್ರೆ" ಎಂದು ಕಣ್ಣು ಮುಚ್ಚುತ್ತಾರೆ. ನಾಲಿಗೆಗೆ ಮಾತ್ರ ಇಂದಿಗೂ ಮುಟ್ಟಿಸಿಲ್ಲ. ಆದರೆ ಪ್ರತಿ ವರ್ಷ ಆಟಿ ತಿಂಗಳಲ್ಲಿ, ತೀರಿಹೋದ ಹಿರಿಯರಿಗೆ ಬಾಳೆಯೆಲೆಯಲ್ಲಿ ಬಡಿಸುವಾಗ, ಅಪ್ಪನ ಎಲೆಯ ಪಕ್ಕ ಪೀಪಾಯಿಯಲ್ಲಿ ಮಾಗಿದ್ದು ಒಂದು ಲೋಟ ಇರಲೇಬೇಕು. ಅಪ್ಪನಿಗೆ ಅಷ್ಟು ಇಷ್ಟವಿತ್ತೇ ಎಂದು ಈ ಸಲ ಕೇಳಿದೆ. "ತುಂಬಾ ಇಷ್ಟ ಇತ್ತು. ನಾನೇ ಬೈದು ಬಿಡಿಸಿದ್ದು," ಎಂದವರು ಲೋಟವನ್ನು ಎಲೆಗೆ ಇನ್ನಷ್ಟು ಹತ್ತಿರ ಸರಿಸಿದರು.