ಮೇಲ್ಮಹಡಿಗೆ ದಾರಿ ತೋರುವ ಸಾಹೇಬರು

ಕೆಳಮಹಡಿಯ ಮ್ಯಾಜಿಸ್ಟ್ರೇಟ್ ಸಾಹೇಬರು ಗಂಟಲು ಸರಿಮಾಡಿಕೊಂಡರೆ ಸಾಕು, ಫ್ಯಾನು ಕೂಡ ಸದ್ದಡಗಿಸಿ ತಿರುಗುತ್ತದೆ ಎಂದು ಅವರ ಸ್ಟೆನೋ ಮನೆಯಲ್ಲಿ ಅತ್ತೆಗೆ ಹೇಳುತ್ತಿದ್ದಳು. ಕನ್ನಡಕದ ಮೇಲಿಂದ ಅವರು ಒಂದು ನೋಟ ಬೀರಿದರೆ ಮುಗಿಯಿತು, ಎಂಥ ವಕೀಲರ ವಾದವೂ ಅಲ್ಲೇ ಬಾಲ ಮುದುರಿಕೊಳ್ಳುತ್ತಿತ್ತು. ಆದರೆ ಜೈಲುಶಿಕ್ಷೆ ಓದಿ ಮುಗಿಸಿದ್ದೇ ತಡ, ಆ ದನಿ ಬಸ್‌ಸ್ಟ್ಯಾಂಡಿಗೆ ದಾರಿ ಹೇಳುವ ಸೋದರಮಾವನದಾಗಿಬಿಡುತ್ತಿತ್ತು. "ನೋಡಪ್ಪ, ನನ್ನ ಮಾತೇ ಕೊನೆಯಲ್ಲ. ಇದೇ ಕಟ್ಟಡದ ಮೇಲ್ಮಹಡಿಯಲ್ಲಿ ಸೆಷನ್ಸ್ ಕೋರ್ಟಿದೆ, ಅಲ್ಲಿ ಅಪೀಲು ಹಾಕು. ಅಲ್ಲೂ ಆಗಲಿಲ್ಲವೋ, ರಾಜಧಾನಿಯಲ್ಲಿ ಹೈಕೋರ್ಟಿದೆ. ದುಡ್ಡಿಲ್ಲ ಅಂತ ಸುಮ್ಮನಿರಬೇಡ, ಸರ್ಕಾರವೇ ವಕೀಲರನ್ನು ಕೊಡುತ್ತೆ. ತಿಳೀತಾ?" ಶಿಕ್ಷೆಯಾದವನು ಹೂಂ ಅನ್ನುವವರೆಗೂ ಮುಂದಿನ ಕೇಸು ಕೂಗಿಸುತ್ತಿರಲಿಲ್ಲ. ಶಿಕ್ಷೆ ಕೊಟ್ಟ ಬಾಯಿಂದಲೇ ಬಿಡುಗಡೆಯ ದಾರಿಯೂ ಬರುತ್ತದಲ್ಲ ಎಂದು ಸ್ಟೆನೋಗೆ ಪ್ರತಿಸಲವೂ ಬೆರಗು. ಒಮ್ಮೆ, ಕಳ್ಳನೆಂದು ಅವರು ಜೈಲಿಗೆ ಕಳಿಸಿದ್ದ ಟೈಲರ್ ನಿರಪರಾಧಿ ಎಂದು ಮೇಲ್ಮಹಡಿಯಲ್ಲಿ ತೀರ್ಪಾಯಿತು. ಇವತ್ತು ಯಾರಿಗೆ ಬೈಗುಳ ಕಾದಿದೆಯೋ ಅಂದುಕೊಳ್ಳುತ್ತಲೇ ಅವಳು ಚೇಂಬರಿಗೆ ಸುದ್ದಿ ಒಯ್ದಳು. ಸಾಹೇಬರು ಕುರ್ಚಿಯಿಂದ ಎದ್ದು ನಿಂತು, ಚಾವಣಿಯತ್ತ ಮುಖವೆತ್ತಿ ಕೈಮುಗಿದರು. "ಬದುಕಿಕೊಂಡೆ ಕಣಮ್ಮ," ಅಂದರು.