ಅಕ್ಕನ ಎರಡನೇ ಪರದೆ

"ಎರಡು ಮಾನಿಟರ್ ಹಚ್ಚಿದ್ರ ಗೇಮ್ ಸ್ಲೋ ಆಗತೈತೇನ್ರಿ?" ಗೋಕಾಕದ ನನ್ನ ಅಂಗಡಿಗೆ ಬಂದು ಈ ಪ್ರಶ್ನೆ ಕೇಳದವರು ಕಡಿಮೆ. ಕಂಪ್ಯೂಟರ್ ಜೋಡಿಸುವುದು, ರಿಪೇರಿ ಮಾಡುವುದು ನನ್ನ ಹೊಟ್ಟೆಪಾಡು. ಮೊದಲೆಲ್ಲ ಈ ಪ್ರಶ್ನೆಗೆ ಅರ್ಧ ತಾಸು ಭಾಷಣ ಬಿಗಿಯುತ್ತಿದ್ದೆ. ಈಗ ಕೇಳಿದವರಿಗೆ ಕೂಡಲು ಸ್ಟೂಲ್ ಕೊಟ್ಟು, "ಎರಡನೇದರ ಮ್ಯಾಲೆ ಏನ್ ಹಚ್ಚತೀರಿ, ಮೊದ್ಲ ಅದನ್ನ ಹೇಳ್ರಿ" ಅನ್ನುತ್ತೇನೆ. ಹುಕ್ಕೇರಿಯಲ್ಲಿರುವ ನನ್ನ ಅಕ್ಕನಿಗೆ ಈ ಒಂದು ಮಾತನ್ನು ನೆಟ್ಟಗೆ ಕೇಳಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಅಕ್ಕನ ಗಂಡ, ಅಂದರೆ ನನ್ನ ಮಾವ, ಟ್ರಕ್ ಡ್ರೈವರ್. ಸ್ವಂತ ಗಾಡಿ. ವಾರವೆಲ್ಲ ಗೋವಿನಜೋಳದ ಚೀಲ ಹೇರಿಕೊಂಡು ತಿರುಗಿ, ರಜೆಯ ದಿನ ಮನೆಗೆ ಬಂದರೆ ಕಂಪ್ಯೂಟರಿನ ಮುಂದೆ ಕೂತು ಮತ್ತೆ ಟ್ರಕ್ ಓಡಿಸುವ ಆಟವನ್ನೇ ಆಡುತ್ತಿದ್ದ. ಅದಕ್ಕೊಂದು ಸಣ್ಣ ಸ್ಟೇರಿಂಗ್ ಬೇರೆ. "ಹೊರಗ ಹೊಡದದ್ದು ಸಾಲ್ದೇನು ಮಾವಾ?" ಎಂದು ನಾನು ಕಾಡಿದರೆ, "ಇಲ್ಲಿ ಎಮ್ಮಿ ಅಡ್ಡ ಬರೂದಿಲ್ಲೋ ಮಳ್ಳ" ಎಂದು ನಗುತ್ತಿದ್ದ. ಆ ಯಂತ್ರ ಜೋಡಿಸಿಕೊಟ್ಟವನು ನಾನೇ. ಒಂದು ದಿನ ಮಧ್ಯಾಹ್ನ ಊಟ ಮಾಡಿ ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು. ನೀರು ತರಲು ಒಳಗೆ ಹೋದ ಅಕ್ಕ ಚರಿಗೆ ಹಿಡಿದು ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ಅಕ್ಕ ಮಾತೇ ಬಿಟ್ಟಳು. ಟ್ರಕ್ಕನ್ನು ಮಾರಿದೆವು. ಕಂಪ್ಯೂಟರನ್ನು ನಾನು ಒಯ್ಯುತ್ತೇನೆಂದರೆ ಬೇಡ ಅಂದಳು. ಕೆಲವು ತಿಂಗಳ ನಂತರ ಹೋಗಿ ನೋಡುತ್ತೇನೆ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೇರಿಂಗ್ ಹಿಡಿದು ಕೂತಿದ್ದಾಳೆ! ಪರದೆಯ ಮೇಲೆ ಯಾವುದೋ ಪರದೇಶದ ಹೆದ್ದಾರಿ, ಎರಡೂ ಬದಿಗೆ ಹಸಿರು ಗುಡ್ಡ. ಅಯ್ಯ ಶಿವನೆ, ನನಗೆ ನಗು ಬಂತು, ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಅವಳಿಗೆ ನಾಚಿಕೆಯಾಯಿತು. "ಹೊತ್ತ ಹೋಗೂದಿಲ್ಲೋ ತಮ್ಮಾ" ಅಂದಳು. ಹೋಗಲಿ, ಬದುಕುವುದಕ್ಕೆ ಏನೋ ಒಂದು ಹಿಡಿದುಕೊಂಡಳಲ್ಲ ಎಂದು ನಾನು ಸಮಾಧಾನಪಟ್ಟೆ. ಅದೇ ದಿನ ಅವಳು, "ಇನ್ನೊಂದು ಟಿವಿ ಹಚ್ಚಿಕೊಡತೀಯೇನು ಇದಕ್ಕ? ಹಳೇದಾದ್ರೂ ನಡೀತೈತಿ" ಎಂದು ಕೇಳಿದಳು. ಮುಂದಿನ ಸಲ ಅಂಗಡಿಯಲ್ಲಿದ್ದ ಹಳೆ ಮಾನಿಟರನ್ನು ತಂದು ಎಡಕ್ಕೆ ಜೋಡಿಸಿ, ಎರಡರ ವೈರನ್ನೂ ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿ ಬಂದೆ. ಯಾಕೆ ಬೇಕೆಂದು ಕೇಳಲಿಲ್ಲ.

ನನಗೆ ತಡವಾಗಿ ಗೊತ್ತಾದದ್ದನ್ನು ನಿಮಗೆ ಇಲ್ಲೇ ಹೇಳಿಬಿಡುತ್ತೇನೆ. ಮಾವನ ಟ್ರಕ್ಕಿನ ಗಾಜಿಗೆ ದಾರಿಯನ್ನು ಚಿತ್ರೀಕರಿಸುವ ಒಂದು ಸಣ್ಣ ಕ್ಯಾಮೆರಾ ಇತ್ತು. ಗಾಡಿ ಕೊಂಡವರ ಡ್ರೈವರ್ ಪುಣ್ಯಾತ್ಮ, ಅದರೊಳಗೆ ಉಳಿದಿದ್ದ ಕೊನೆಯ ಪ್ರಯಾಣದ ವಿಡಿಯೋವನ್ನು ಅಕ್ಕನ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದ. ಹುಕ್ಕೇರಿಯಿಂದ ಘಟಪ್ರಭಾ, ಗೋಕಾಕ ದಾಟಿ ಮೂಡಲಗಿಯವರೆಗೆ. ಚಿತ್ರದಲ್ಲಿ ಬರೀ ರಸ್ತೆ. ಆದರೆ ದನಿ ಕ್ಯಾಬಿನ್ನಿನ ಒಳಗಿನದು. ಮಾವ ಕೆಮ್ಮುವುದು, ಎಮ್ಮೆಗೆ ಬೈಯುವುದು, ಗುನುಗುವುದು, ಧುಪದಾಳದ ಹಂಪ್ ಬಂದಾಗ "ಬಂತ ನೋಡ ನಮ್ಮಪ್ಪ" ಎಂದು ಗೊಣಗಿ ಗೇರ್ ಇಳಿಸುವುದು, ಮೂಡಲಗಿ ಮುಟ್ಟುವ ಮುಂಚೆ ಅಕ್ಕನಿಗೆ ಫೋನ್ ಹಚ್ಚಿ "ಉಂಡಿ?" ಎಂದು ಕೇಳುವುದು. ಮಾವನ ದನಿ ಎಂಬುದು ಈ ಭೂಮಿಯ ಮೇಲೆ ಉಳಿದಿದ್ದದ್ದು ಅಷ್ಟೇ, ಆ ಒಂದೇ ಫೈಲಿನಲ್ಲಿ. ಎಡಗಡೆಯ ಪರದೆಯ ಮೇಲೆ ಅದನ್ನು ಹಚ್ಚಿಕೊಂಡು ಅಕ್ಕ ಬಲಗಡೆಯದರಲ್ಲಿ ತನ್ನ ಟ್ರಕ್ ಓಡಿಸುತ್ತಿದ್ದಳು.

ಒಂದು ದಿನ ಅಕ್ಕನ ಫೋನ್ ಬಂತು. "ಗಾಡಿ ಜಗ್ಗಾಕತ್ತೈತೋ. ತಿರುವಿನ್ಯಾಗ ಗಕ್ಕನ ನಿಂತು ಹೋಗತೈತಿ."

ಎರಡು ಮಾನಿಟರ್ ಇದ್ದಲ್ಲಿ ಇದು ಸಾಮಾನ್ಯ. ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಅರವತ್ತು ಚಿತ್ರ ಬರೆದರೆ ಆಟ ಸಲೀಸಾಗಿ ಓಡುತ್ತದೆ. ಬರೆಯುವುದು ಕಡಿಮೆಯಾದರೆ ತೊದಲುತ್ತದೆ. ಎರಡನೇ ಪರದೆ ಸುಮ್ಮನೆ ಖಾಲಿ ಹೊತ್ತಿಕೊಂಡಿದ್ದರೆ ಅದರ ಭಾರ ಇಲ್ಲವೆಂದರೂ ನಡೆದೀತು. ಅದರ ಮೇಲೆ ದೊಡ್ಡ ವಿಡಿಯೋ ಓಡತೊಡಗಿದರೆ ಮಾತ್ರ ಮಾವನ ಕಾಲದ ಸಣ್ಣ ಕಾರ್ಡಿಗೆ ಏದುಸಿರು ಬರುತ್ತದೆ, ಒಬ್ಬಳೇ ಎರಡು ಒಲೆಯ ಮೇಲೆ ರೊಟ್ಟಿ ಬೇಯಿಸಿದಂತೆ. ಇದೆಲ್ಲ ನನಗೆ ಬಾಯಿಪಾಠ. ಆದರೆ ಹುಕ್ಕೇರಿಗೆ ಹೋಗಿ ನಾನು ಆಡಿ ನೋಡಿದರೆ ಆಟ ಕುದುರೆಯಂತೆ ಓಡಿತು. ಎಡಗಡೆಯ ಪರದೆ ಖಾಲಿ ಇತ್ತು.

"ಈ ಕಡೆ ಏನರೆ ಹಚ್ಚಿರತೀಯೇನು?"

"ಹಚ್ಚಿರತೀನಿ, ಏನರೆ ಒಂದು."

"ಧಾರಾವಾಹಿ ನೋಡ್ಕೋತ ಟ್ರಕ್ ಹೊಡೀತೀ? ಶಾಣ್ಯಾಕಿ ಅದಿ ಬಿಡು! ಖರೆ ಗಾಡಿ ಆಗಿದ್ರ ಇಷ್ಟೊತ್ತಿಗೆ ಯಾರದರೆ ಮನಿ ಹೊಕ್ಕಿರತಿದ್ದಿ."

ಅಕ್ಕ ನಕ್ಕುಬಿಟ್ಟಳು. ನಮ್ಮ ಮನೆಗಳಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ; ಅವನ ಮೇಲಿನ ಪ್ರೀತಿಯನ್ನಂತೂ ತಮ್ಮನ ಎದುರಿಗೆ ಬಾಯಿಬಿಟ್ಟು ಆಡುವುದೇ ಇಲ್ಲ. ಸತ್ತ ಗಂಡನ ಕೆಮ್ಮು ಕೇಳುತ್ತ ಕೂಡುತ್ತೇನೆಂದು ಅವಳು ನನಗೆ ಹೇಗೆ ಹೇಳಬೇಕು? ನಾನು ಇದ್ದಷ್ಟು ಹೊತ್ತು ಅದನ್ನು ಹಚ್ಚುತ್ತಿರಲಿಲ್ಲ. ಹಾಗಾಗಿ ನಾನಿದ್ದಾಗ ಯಂತ್ರ ಸರಿ ಇರುತ್ತಿತ್ತು, ನಾನು ಗೋಕಾಕ ಮುಟ್ಟುವುದರೊಳಗೆ ಮತ್ತೆ ತೊದಲುತ್ತಿತ್ತು.

ಮೊದಲ ಸಲ ಧೂಳು ಹೊಡೆದು ಬಂದೆ. ಎರಡನೇ ಸಲ ಹಳೆ ಡಿಸ್ಕ್ ತೆಗೆದು, ಅದರಲ್ಲಿದ್ದದ್ದನ್ನೆಲ್ಲ ಹೊಸ ನಮೂನೆಯ ವೇಗದ ಡಿಸ್ಕಿಗೆ ಹಾಕಿ, ಹಳೆಯದನ್ನು ಮೋಡಕಾದವನ ಗುಜರಿಗೆ ಎಸೆದೆ. ಮೂರನೇ ಸಲ ಫೋನ್ ಬಂದಾಗ ಅಂಗಡಿ ತುಂಬ ಗಿರಾಕಿಗಳು. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯ ಮೇಲೆ. ಬೈಕ್ ಹತ್ತಿ ದಾರಿಯುದ್ದಕ್ಕೂ ಬೈಯುತ್ತ ಹೋದೆ. ನಮ್ಮ ಕಸುಬಿನವರಿಗೆ ಒಂದು ಚಾಳಿ ಇದೆ. ರೋಗ ತಿಳಿಯದಿದ್ದರೆ ಫಾರ್ಮ್ಯಾಟ್ ಹೊಡೆಯುವುದು. ಎಲ್ಲ ಒರೆಸಿ ಹೊಸದಾಗಿ ಸಿಸ್ಟಮ್ ಹಾಕಿದರೆ ನೂರಕ್ಕೆ ತೊಂಬತ್ತು ಯಂತ್ರ ಸರಿಹೋಗುತ್ತವೆ, ಗಿರಾಕಿಗೂ ಏನೋ ದೊಡ್ಡ ಕೆಲಸ ಆಯಿತೆಂಬ ತೃಪ್ತಿ.

"ಎಲ್ಲಾ ಹೊಸಾದ ಹಾಕತೀನಿ" ಅಂದೆ.

ಅಕ್ಕ ಅಡಿಗೆಮನೆಯಲ್ಲಿ ನನಗಾಗಿ ಅವಲಕ್ಕಿಗೆ ಒಗ್ಗರಣೆ ಕೊಡುತ್ತಿದ್ದಳು. ಅಲ್ಲಿಂದಲೇ ಕೂಗಿದಳು. "ಇದ್ದದ್ದೇನೂ ಅಳಸಬ್ಯಾಡ ಮತ್ತ."

"ಆತು, ಆತು."

ಫೋಟೋಗಳೆಲ್ಲ ಡಿಸ್ಕಿನ ಬೇರೆ ಭಾಗದಲ್ಲಿದ್ದವು, ಅವನ್ನು ಮುಟ್ಟಲಿಲ್ಲ. ಮೊದಲ ಪರದೆಯ ಮೂಲೆಯಲ್ಲಿ ಉದ್ದನೆಯ ಅಂಕಿಗಳ ಹೆಸರಿದ್ದ ಒಂದು ದೊಡ್ಡ ವಿಡಿಯೋ ಫೈಲ್ ಕಂಡಿತು. ನನ್ನ ಅಂಗಡಿಗೆ ಬರುವ ಗೇಮಿಂಗ್ ಯಂತ್ರಗಳಲ್ಲಿ ಇಂಥವು ರಾಶಿ ರಾಶಿ ಇರುತ್ತವೆ, ಆಡಿದ ಆಟವನ್ನೇ ರೆಕಾರ್ಡ್ ಮಾಡಿಟ್ಟವು. ಒಮ್ಮೆ ತೆರೆದು ನೋಡಿದ್ದರೆ ಮಾವ ಕೆಮ್ಮುತ್ತಿದ್ದ. ತೆರೆಯಲಿಲ್ಲ. ಫಾರ್ಮ್ಯಾಟ್ ಒತ್ತಿದೆ. ಅವಲಕ್ಕಿ ತಿಂದೆ. ಎಲ್ಲ ಮುಗಿದ ಮೇಲೆ ಆಟ ಹಚ್ಚಿ ತೋರಿಸಿ, "ನೋಡೀಗ, ಬೆಣ್ಣಿ ಬೆಣ್ಣಿ!" ಅಂದೆ.

ಅಕ್ಕ ಕೈ ಒರೆಸಿಕೊಂಡು ಬಂದು ಕೂತಳು. ಆಟ ನೋಡಲಿಲ್ಲ. ಪರದೆಯ ಮೂಲೆಯಲ್ಲಿ ಏನನ್ನೋ ಹುಡುಕಿದಳು.

"ಇಲ್ಲೊಂದು ಇತ್ತಲ್ಲೋ?"

"ಏನು?"

"ಇಲ್ಲೇ ಇತ್ತು. ಅವರದು."

ಆಗ ಹೇಳಿದಳು. ನನ್ನ ಮುಖ ನೋಡದೆ, ಗೋಡೆಯ ಕಡೆ ತಿರುಗಿ ಹೇಳಿದಳು. "ಎಷ್ಟ ವರ್ಷ ಬಾಳೇವು ಮಾಡಿದ್ರೂ ಒಂದ ದಿನಾನೂ ನನ್ನ ಗಾಡ್ಯಾಗ ಕುಂಡರಿಸಿಕೊಂಡ ಹೋಗಲಿಲ್ಲೋ ತಮ್ಮಾ. ಹೆಣ್ಮಕ್ಕಳು ಟ್ರಕ್ ಹತ್ತೂದು ಛಂದ ಅಲ್ಲ ಅಂತಿದ್ರು. ಈಗ ಅವರ ಗಾಡಿ ಅವರು, ನನ್ನ ಗಾಡಿ ನಾನು, ಬಾಜೂಕ ಬಾಜೂ ಹೊಂಟಿರತಿದ್ವಿ. ಅವರು ಸಾವಕಾಶ ಮಾಡಿದ್ರ ನಾನೂ ಮಾಡತಿದ್ದೆ."

"ಹೇಳಬಾರದಿತ್ತೇನ ಅಕ್ಕಾ?" ಎಂದು ಕಿರುಚಿದೆ. ತಪ್ಪು ನನ್ನದು, ಕಿರುಚಿದ್ದು ಅವಳ ಮೇಲೆ. ನಾಚಿಕೆಗೇಡಿ ನಾನು. ಅವಳು, "ಹೇಳಿದ್ನಲ್ಲ, ಅಳಸಬ್ಯಾಡ ಅಂತ" ಅಂದಳು.

ಕಂಪ್ಯೂಟರನ್ನು ಬೈಕಿಗೆ ಕಟ್ಟಿಕೊಂಡು ಅಂಗಡಿಗೆ ಒಯ್ದೆ. ಅಳಿಸಿದ್ದನ್ನು ಮರಳಿ ತೆಗೆಯುವ ಸಾಧನಗಳು ಎಷ್ಟಿವೆಯೋ ಅಷ್ಟನ್ನೂ ಹಚ್ಚಿದೆ. ಹಳೆ ಡಿಸ್ಕ್ ಆಗಿದ್ದರೆ ಬರುತ್ತಿತ್ತೇನೋ; ಗುಜರಿಗೆ ಹೋಗಿ ಕೇಳಿದರೆ ಅದು ಎಂದೋ ಪುಡಿಯಾಗಿ ಹೋಗಿತ್ತು. ನಾನೇ ಹಾಕಿದ ಈ ವೇಗದ ಡಿಸ್ಕುಗಳು ಅಳಿಸು ಎಂದರೆ ಗುರುತೂ ಉಳಿಯದಂತೆ ಒರೆಸುತ್ತವೆ. ಬೆಳಗಾವಿಯಲ್ಲಿ ನನಗಿಂತ ತಿಳಿದವರೊಬ್ಬರ ಹತ್ತಿರ ಹೋದೆ. ಅವರು ನೋಡಿ, ತಲೆ ಆಡಿಸಿ, ಡಿಸ್ಕನ್ನು ನನ್ನ ಕೈಯಲ್ಲಿಟ್ಟರು. ಟ್ರಕ್ ಕೊಂಡವರ ಮನೆಗೂ ಹೋದೆ. ಆ ಕ್ಯಾಮೆರಾ ಹೊಸ ದಾರಿಯನ್ನು ಹಳೆಯದರ ಮೇಲೆಯೇ ಬರೆಯುತ್ತ ಹೋಗುವಂಥದ್ದು. ಅದರಲ್ಲಿ ಈಗ ಬೇರೆ ಯಾರದೋ ಹಾಡು, ಬೇರೆ ಯಾರದೋ ಬೈಗುಳ.

ಇಷ್ಟಕ್ಕೂ ಅದನ್ನು ಸರಿಪಡಿಸಲು ಏನು ಬೇಕಿತ್ತು ಗೊತ್ತೇ? ಎಡಗಡೆಯ ಮಾನಿಟರಿನ ವೈರನ್ನು ಗ್ರಾಫಿಕ್ಸ್ ಕಾರ್ಡಿನಿಂದ ಕಿತ್ತು, ಒಂದು ಗೇಣು ಮೇಲಿರುವ ಮದರ್‌ಬೋರ್ಡಿನ ಕಿಂಡಿಗೆ ಹಾಕಿ, ಒಂದೆರಡು ಸೆಟ್ಟಿಂಗ್ ಬದಲಿಸಿದರೆ ಸಾಕಿತ್ತು. ವಿಡಿಯೋದ ಭಾರವನ್ನು ಅದು ಹೊತ್ತುಕೊಳ್ಳುತ್ತಿತ್ತು, ಆಟದ ಭಾರವನ್ನು ಕಾರ್ಡು. ಎರಡೂ ಗಾಡಿ ಜೊತೆಗೇ ಸಲೀಸಾಗಿ ಓಡುತ್ತಿದ್ದವು. ಐದು ನಿಮಿಷದ ಕೆಲಸ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮವ್ವ ನನಗೆ ಹೇಳುತ್ತಿದ್ದದ್ದು ಸುಳ್ಳಲ್ಲ. ಮೂಗು ಮಾತ್ರ ನನ್ನದಾಗಿರಲಿಲ್ಲ.

ಹದಿನೈದು ದಿನದ ಮೇಲೆ ಯಂತ್ರವನ್ನು ಹುಕ್ಕೇರಿಗೆ ಮರಳಿಸಿದೆ. ಅಕ್ಕ ಏನಾಯಿತೆಂದು ಕೇಳಲಿಲ್ಲ, ನನ್ನ ಮುಖದಲ್ಲೇ ಇತ್ತು. ನಾನು ಕಾಲು ಹಿಡಿಯಲು ಬಗ್ಗಿದರೆ ರಟ್ಟೆ ಹಿಡಿದು ಎಬ್ಬಿಸಿದಳು. "ಏಳ, ಏಳ. ನೀ ಏನ ಬೇಕಂತ ಮಾಡಿದ್ಯಾ?" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಎಲ್ಲ ಜೋಡಿಸಿದ ಮೇಲೆ ಎಡಗಡೆಯ ಮಾನಿಟರ್ ತೋರಿಸಿ, "ಇದನ್ನ ಒಯ್ಯಲೇನು?" ಎಂದು ಕೇಳಿದೆ.

"ಇರಲಿ ಬಿಡು. ಖಾಲಿ ಇದ್ರ ಅದಕ್ಕೇನ ಭಾರ ಇಲ್ಲಲ್ಲ?"

"ಇಲ್ಲ."

"ಮತ್ತ ಇರಲಿ."

ಅವಳು ಸೆರಗು ಸಿಕ್ಕಿಸಿ ಸ್ಟೇರಿಂಗ್ ಹಿಡಿದಳು. ಎಡಗಡೆ ಖಾಲಿ ಪರದೆ ನೀಲಿಯಾಗಿ ಹೊತ್ತಿಕೊಂಡಿತ್ತು. ಬಲಗಡೆ ಟ್ರಕ್ ಹೊರಟಿತು. ಸೆಕೆಂಡಿಗೆ ಎಷ್ಟು ಚಿತ್ರವೆಂದು ತೋರಿಸಲು ಮೂಲೆಯಲ್ಲಿ ನಾನು ಹಚ್ಚಿಟ್ಟ ಅಂಕಿ ಅರವತ್ತರಿಂದ ಕೆಳಗಿಳಿಯಲಿಲ್ಲ, ತಿರುವಿನಲ್ಲೂ ಎಲ್ಲೂ ಜಗ್ಗಲಿಲ್ಲ. "ಛಲೋ ಓಡಾಕತ್ತೈತಿ" ಎಂದಳು ಅಕ್ಕ. ನಾನು ಹಿಂದೆ ನಿಂತು ನೋಡುತ್ತಲೇ ಇದ್ದೆ. ಹೆದ್ದಾರಿ ನೆಟ್ಟಗಿತ್ತು, ಮುಂದೆ ಒಂದು ಗಾಡಿಯೂ ಇರಲಿಲ್ಲ. ಅರ್ಧ ತಾಸು ಆಗಿರಬೇಕು, ಅಕ್ಕ ಇದ್ದಕ್ಕಿದ್ದಂತೆ ವೇಗ ತಗ್ಗಿಸಿ ಗೇರ್ ಇಳಿಸಿದಳು. ಮತ್ತೆ ಜಗ್ಗಿತೇನೋ ಎಂದು ನಾನು ಪರದೆಯ ಕಡೆ ಬಗ್ಗಿದೆ.

"ಯಾಕ ಅಕ್ಕಾ, ನಿಂತ್ತೇನು?"

"ಇಲ್ಲೋ" ಎಂದಳು, ಪರದೆಯಿಂದ ಕಣ್ಣು ತೆಗೆಯದೆ. "ಧುಪದಾಳದ ಹಂಪ್ ಬಂತು."