ಕಂಪ್ಯೂಟರಿಗೆ ಕೊಸರು ಕಲಿಸಿದ ಇಮಾಮ್‌ಬೀ

ಬೆಳಗಿನ ಐದು ಗಂಟೆ. ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ಲಾರಿಗಳು ಇನ್ನೂ ಕಣ್ಣು ಬಿಟ್ಟಿಲ್ಲ. ಭತ್ತದ ರಾಶಿ ಯಂತ್ರ ತಯಾರಿಸುವ ಕನಕರಾಯರ ಕಾರ್ಖಾನೆಯಲ್ಲಿ ಮಾತ್ರ ಸ್ಟೋರಿನ ದೀಪ ಹೊತ್ತಿದೆ. ಇಮಾಮ್‌ಬೀ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಂಪ್ಯೂಟರಿನ ಮೇಲೆ ಹೊದಿಸಿದ ಕಸೂತಿ ಬಟ್ಟೆಯನ್ನು ತೆಗೆದು ಮಡಚಿ ಇಡುತ್ತಾರೆ. ಏಳಕ್ಕೆ ಕರೆಂಟು ಹೋಗುತ್ತದೆ. ಅಷ್ಟರೊಳಗೆ ವಾರದ ಲೆಕ್ಕ ಹೊರಬರಬೇಕು.

ಒಂದೊಂದೇ ಬೆರಳಲ್ಲಿ ಕೀಲಿ ಒತ್ತುತ್ತಾರೆ. ಈ ವಾರ ಆರು ಯಂತ್ರ ತಯಾರಾಗಬೇಕು. ಯಾವ ಭಾಗ ಎಷ್ಟು ಬೇಕು, ಸ್ಟೋರಿನಲ್ಲಿ ಎಷ್ಟಿದೆ, ಉಳಿದದ್ದನ್ನು ಯಾವ ದಿನ ತರಿಸಬೇಕು, ಎಲ್ಲವನ್ನೂ ಒಳಗಿನ ಸಾಫ್ಟ್‌ವೇರ್ ಕೂಡಿಸಿ ಕಳೆದು ಹೇಳುತ್ತದೆ. ಪ್ರಿಂಟರು ಕಿರುಗುಟ್ಟುತ್ತ ಅಂಚಿಗೆ ತೂತಿರುವ ಉದ್ದನೆಯ ಹಾಳೆ ಉಗುಳುತ್ತದೆ.

"ಇದು ಕೂಗಿತಂದ್ರ ಬೆಳಗಾತು ಅಂತ ತಿಳಕೋರಿ," ಎಂದು ನಗುತ್ತಾರೆ. "ನಮ್ಮ ಓಣಿ ಹುಂಜಕ್ಕ ಈಗ ಕೆಲಸ ಇಲ್ಲ."

ಹೋದ ತಿಂಗಳು ಇದೇ ಕಂಪ್ಯೂಟರಿನ ಸಲುವಾಗಿ ದೊಡ್ಡ ಸಮಾರಂಭ ಆಯಿತು. ಮಾಲೀಕರಿಗೆ ಶಾಲು, ಸಾಫ್ಟ್‌ವೇರ್ ಕಂಪನಿಯವರಿಗೆ ಶಾಲು. ಕಂಪ್ಯೂಟರಿಗೂ ಮಲ್ಲಿಗೆ ಹಾರ! ಫೋಟೋ ಪೇಪರಿನಲ್ಲೂ ಬಂತು. ಆ ಯಂತ್ರಕ್ಕೆ ಅಕ್ಷರಾಭ್ಯಾಸ ಮಾಡಿಸಿದಾಕೆ ಆ ಹೊತ್ತಿನಲ್ಲಿ ಸ್ಟೋರಿನಲ್ಲಿ ವಾಷರ್ ಎಣಿಸುತ್ತಿದ್ದರು. ಕೋಟು ಹಾಕಿದವರನ್ನು ಕಂಡರೆ ಮಾತ್ರ ಕ್ಯಾಮರಾ ಕಣ್ಣು ಬಿಡುವುದೇ?

ಇಮಾಮ್‌ಬೀ ಹುಟ್ಟಿದ್ದು ಮಸ್ಕಿಯಲ್ಲಿ, ಮದುವೆಯಾಗಿ ಹೋದದ್ದು ಹಟ್ಟಿಗೆ. ಗಣಿಯಲ್ಲಿದ್ದ ಗಂಡ ಎದೆ ಬೇನೆಯಿಂದ ತೀರಿಕೊಂಡಾಗ ಕಂಪನಿಯ ಮನೆಯನ್ನೂ ಬಿಡಬೇಕಾಯಿತು. ಸಿಂಧನೂರಿನಲ್ಲಿದ್ದ ಅಕ್ಕ ಸಕೀನಾಬೀಯ ಮನೆಗೆ ಬಂದು, ೧೯೮೩ರಲ್ಲಿ ಈ ಕಾರ್ಖಾನೆಯಲ್ಲಿ ಕಸ ಹೊಡೆಯುವ ಕೆಲಸ ಹಿಡಿದರು. ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ಕಸದೊಳಗೆ ಎಳೆಯುವುದು, ಅಂಟಿಕೊಂಡ ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ತುಂಬುವುದು. ಆರು ವರ್ಷ ಹೀಗೆ ಕಳೆದ ಮೇಲೆ ಯಾವ ಬೋಲ್ಟು ಎಲ್ಲಿ ಕೂಡುತ್ತದೆ ಎಂಬುದು ಫಿಟ್ಟರುಗಳಿಗಿಂತ ಆಕೆಗೇ ಹೆಚ್ಚು ಗೊತ್ತು. ಆಗ ಸ್ಟೋರಿನ ಬೀಗದ ಕೈ ಸೊಂಟಕ್ಕೆ ಬಂತು. ಓದು? ಬರೀ ನಾಲ್ಕನೇ ಕ್ಲಾಸು.

ಹೋದ ವರ್ಷ, ಅಂದರೆ ೯೫ರಲ್ಲಿ, ಹೈದರಾಬಾದಿನಿಂದ ಯುವ ಎಂಜಿನಿಯರೊಬ್ಬರು ಕಂಪ್ಯೂಟರು ತಂದರು. ಒಂದು ಯಂತ್ರಕ್ಕೆ ಏನೇನು ಬೇಕು, ಪಟ್ಟಿ ಕೊಡಿ ಎಂದರು. ಪಟ್ಟಿ ಯಾರ ಬಳಿಯೂ ಇಲ್ಲ! ಇಮಾಮ್‌ಬೀ ಅಂಗಳದಲ್ಲಿ ತಾಡಪಲ್ ಹಾಸಿ, ಒಂದು ಇಡೀ ಯಂತ್ರವನ್ನು ಬಿಚ್ಚಿಸಿ, ಒಂದೊಂದೇ ಭಾಗದ ಹೆಸರು ಹೇಳಿ ಬರೆಸಿದರು. ಒಂಬತ್ತು ದಿನ, ಸಾವಿರದ ನೂರಾ ನಲವತ್ತಾರು ಭಾಗ. ಹೊಟ್ಟು ಹಾರುವ ಕಡೆಯ ತಗಡಿಗೆ ಫಿಟ್ಟರುಗಳು ಆನಿಕಿವಿ ಅನ್ನುತ್ತಿದ್ದರು. ಇವತ್ತಿಗೂ ಕಂಪ್ಯೂಟರಿನಲ್ಲಿ ಅದು ಆನಿಕಿವಿಯೇ.

ನಾಲ್ಕು ತಿಂಗಳ ನಂತರ ಗ್ರಹಚಾರ ಕೆಟ್ಟಿತು. ನಲವತ್ತಾರು ಯಂತ್ರ ಹೊರಬಿದ್ದಿದ್ದವು. ಲೆಕ್ಕ ತಾಳೆ ನೋಡಿದರೆ ಸಣ್ಣ ಬೋಲ್ಟು ಸಾವಿರದ ತೊಂಬತ್ತೆಂಟು ಕಡಿಮೆ. ಕಂಪ್ಯೂಟರು ಸುಳ್ಳು ಹೇಳುವುದಿಲ್ಲ ಎಂದರು ಎಂಜಿನಿಯರು. ಕಂಪ್ಯೂಟರು ಸುಳ್ಳು ಹೇಳದಿದ್ದರೆ ಹೇಳುವವರು ಯಾರು? ಬೀಗದ ಕೈ ಇದ್ದಾಕೆ! ಎಷ್ಟು ಸಲೀಸು ನೋಡಿ.

"ಸಾವ್ಕಾರ್ರು ಕಳ್ಳಿ ಅಂತ ಅನಲಿಲ್ಲ," ಎನ್ನುತ್ತಾರೆ ಇಮಾಮ್‌ಬೀ. "ಕೈ ಚಾಚಿದ್ರು. ನಾ ಕೀಲಿಕೈ ಬಿಚ್ಚಿಕೊಟ್ಟೆ. ಹನ್ನೆರಡು ವರ್ಷದಾಗ ಒಂದು ವಾಷರ್ ಸೆರಗಿಗೆ ಕಟ್ಟಿದಾಕಿ ಅಲ್ಲ ನಾ. ಅವತ್ತು ಸೊಂಟ ಹಗುರಾಗಿ ನಡಿಯಾಕ ಆಗಲಿಲ್ಲ."

ಮತ್ತೆ ಕಸದ ಕೆಲಸ, ಮತ್ತೆ ಅಯಸ್ಕಾಂತ. ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ಕೂತರು. ಮೊದಲ ಆರು ವರ್ಷ ಷೆಡ್ಡಿನೊಳಗೆ, ಮುಂದಿನ ಆರು ವರ್ಷ ಸ್ಟೋರಿನ ನಾಲ್ಕು ಗೋಡೆಯೊಳಗೆ ಕಳೆದವರಿಗೆ ಗೇಟಿನಲ್ಲಿ ಏನು ನಡೆಯುತ್ತದೆ ಎಂಬುದೇ ಗೊತ್ತಿರಲಿಲ್ಲ. ಐದನೇ ದಿನ ರೈತನೊಬ್ಬ ಯಂತ್ರ ಒಯ್ಯಲು ಟ್ರ್ಯಾಕ್ಟರ್ ತಂದ. ದುಡ್ಡು ಕಟ್ಟಿ, ತೆಂಗಿನಕಾಯಿ ಒಡೆದು, ಟವೆಲ್ ಹರವಿ ನಿಂತ. ಹಿರಿಯ ಫಿಟ್ಟರ್ ಯಂಕೋಬ ಜೋಡಣೆಗೆಂದು ಸ್ಟೋರಿನಿಂದ ತಂದಿಟ್ಟ ಸಣ್ಣ ಬೋಲ್ಟಿನ ಡಬ್ಬಿಗೆ ಪಾವು ಅದ್ದಿ, ತುಂಬಿದ ಪಾವು ಬೋಲ್ಟುಗಳನ್ನು ಟವೆಲಿಗೆ ಸುರಿದ.

"ಯಂಕೋಬಣ್ಣ, ಅದೇನದು?"

"ಕೊಸರವ್ವಾ. ಇಷ್ಟು ದೊಡ್ಡ ಯಂತ್ರ ಒಯ್ಯಾಕತ್ಯಾನ, ಬರಿಗೈಲೆ ಕಳಸ್ತಾರೇನು? ದೊಡ್ಡ ಸಾವ್ಕಾರ್ರ ಕಾಲದಿಂದ ನಡದೈತಿ."

"ಎಲ್ಲಾರಿಗೂ?"

"ಮತ್ತ! ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಡಾಕ ನಾ ಏನು ಸರ್ಕಾರ ಏನು?"

ಇಮಾಮ್‌ಬೀ ಪಾವು ಕಸಿದುಕೊಂಡು, ಅದೇ ಡಬ್ಬಿಯಿಂದ ಮತ್ತೆ ತುಂಬಿಸಿ ಆಫೀಸಿಗೆ ನಡೆದರು. ಎಂಜಿನಿಯರ ಮೇಜಿನ ಮೇಲೆ ಪಾವು ಬೋಲ್ಟು ಸುರಿದು ಎಣಿಸಿದರು. ಇಪ್ಪತ್ನಾಲ್ಕು. ನಲವತ್ತಾರು ಯಂತ್ರಕ್ಕೆ ಸಾವಿರದ ನೂರಾ ನಾಲ್ಕು. ಕನಕರಾಯರು ತಲೆ ತಗ್ಗಿಸಿದರು. ಅವರ ತಂದೆ ಹಾಕಿಕೊಟ್ಟ ಪದ್ಧತಿ ಅದು. ಯಂತ್ರದೊಳಗೆ ಹೋಗುವುದನ್ನೆಲ್ಲ ಬರೆಸಿದ್ದರು, ರೈತನ ಟವೆಲಿಗೆ ಹೋಗುವುದು ಯಾರಿಗೂ ನೆನಪಾಗಿರಲಿಲ್ಲ. ಎಂಜಿನಿಯರು ಹಣೆ ಬಡಿದುಕೊಂಡು ನಕ್ಕರಂತೆ: "ನಮ್ಮ ಅಮ್ಮನೂ ಕೊಸರಿಲ್ಲದೆ ತರಕಾರಿ ಗಾಡಿ ಬಿಟ್ಟು ಕದಲೋದಿಲ್ಲ. ನಾನೇ ಮರೆತೆ!" ಆದರೂ ಒಂದು ಅನುಮಾನ. ಕಡಿಮೆ ಬಿದ್ದದ್ದು ಸಾವಿರದ ತೊಂಬತ್ತೆಂಟು. ಕೊಸರಿನ ಲೆಕ್ಕದಲ್ಲಿ ಆರು ಹೆಚ್ಚಾಗುತ್ತದಲ್ಲ?

"ಅದು ಯಂಕೋಬಣ್ಣನ ಹೆಬ್ಬಟ್ಟು ರೀ," ಅಂದರು ಇಮಾಮ್‌ಬೀ. "ಒಮ್ಮೊಮ್ಮೆ ಪಾವಿನ ಒಳಗ ಇಟಗೊಂಡು ಅಳೀತಾನ."

ಇಡೀ ಕಾರ್ಖಾನೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬೀಗದ ಕೈ ಸೊಂಟಕ್ಕೆ ಮರಳಿತು. ಕನಕರಾಯರು ಕಂಪ್ಯೂಟರನ್ನೂ ಆಕೆಗೇ ಒಪ್ಪಿಸಿದರು. ಸಾವಿರದ ನೂರಾ ನಲವತ್ತೇಳನೇ ಭಾಗವಾಗಿ ಆಕೆ ಮೊದಲು ಬರೆದದ್ದು: ಕೊಸರು, ಇಪ್ಪತ್ನಾಲ್ಕು. ಮೊದಲೆಲ್ಲ ಸುಗ್ಗಿಯಲ್ಲಿ ಒಂದು ಬೇರಿಂಗಿಗಾಗಿ ವಾರಗಟ್ಟಲೆ ಕೆಲಸ ನಿಲ್ಲುತ್ತಿತ್ತು. ಈ ಸುಗ್ಗಿಯಲ್ಲಿ ಒಂದು ದಿನವೂ ನಿಂತಿಲ್ಲ.

ಏಳು ಗಂಟೆ. ಕರೆಂಟು ಹೋಗುತ್ತದೆ, ಹಾಳೆ ಅಷ್ಟರೊಳಗೇ ಕೈಗೆ ಬಂದಿದೆ. ಗೇಟಿನಲ್ಲಿ ದಢೇಸುಗೂರಿನ ರೈತ ಬಸ್ಸಪ್ಪ ಟವೆಲ್ ಹರವಿ ನಿಂತಿದ್ದಾನೆ. ಯಂಕೋಬ ಪಾವು ಎತ್ತುತ್ತಾನೆ.

"ಹೆಬ್ಬಟ್ಟು ತಗಿ, ಯಂಕೋಬಣ್ಣ! ಕಂಪ್ಯೂಟರ್ ನೋಡಾಕತ್ತೈತಿ!"

ನಿಮಗೇನು ಆಸೆ ಎಂದು ಕೇಳಿದರೆ ಇಮಾಮ್‌ಬೀ ನಾಚಿಕೊಳ್ಳುತ್ತಾರೆ. "ಹದಿಮೂರು ವರ್ಷಾತು. ಒಂದೊಂದು ನಟ್ಟೂ ನನಗ ಗೊತ್ತು. ಆದ್ರ ಈ ಯಂತ್ರ ಹೊಲದಾಗ ನಿಂತು ಕಾಳು ಉದುರಿಸೋದು ಇನ್ನೂ ಕಣ್ಣಿಲೆ ನೋಡಿಲ್ಲ. ಒಮ್ಮೆ ನೋಡಬೇಕ್ರಿ."

ಬಸ್ಸಪ್ಪನ ಕಿವಿಗೆ ಅದು ಬೀಳುತ್ತದೆ. "ಐತವಾರ ನಮ್ಮ ರಾಶಿ ಐತಿ. ಬಾರವ್ವಾ, ನೀನ ಚಾಲೂ ಮಾಡು. ಹೋಗೋವಾಗ ಒಂದು ಚೀಲ ಭತ್ತ ಕೊಸರು ಹಾಕ್ತೀನಿ."

ಇಮಾಮ್‌ಬೀ ಕೈಯಲ್ಲಿದ್ದ ಹಾಳೆಯ ಮೇಲೆ ಕಣ್ಣಾಡಿಸುತ್ತಾರೆ. ಐತವಾರ ಯಾವ ಮಾಲೂ ಬರುವುದಿಲ್ಲ.

"ಬರ್ತೀನಿ. ಚೀಲ ಬ್ಯಾಡಪ್ಪಾ, ಒಂದು ಪಾವು ಸಾಕು," ಎನ್ನುತ್ತಾರೆ. "ಹೆಬ್ಬಟ್ಟು ಹೊರಗಿಟ್ಟು ಅಳಿ."